ಲ್ಯಾಪ್‌ಟಾಪು, ಮಳೆಗಾಲ ಮತ್ತು ಎರಡನೇ ಪ್ರತಿ

ಕಳೆದ ಮಳೆಗಾಲದಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ಶಾಲೆಗೆ ಬಂದಿದ್ದ. ಈಗ ವಾಸ್ಕೋ ಕಡೆ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. "ಸರ್, ನಾ ನಾಕನೇತ್ತಾ ಇದ್ದಾಗ ಗ್ಯಾದರಿಂಗಿಗೆ ನಮ್ಮಪ್ಪ ಬಂದಿದ್ದರಲ್ರೀ, ಆವತ್ತಿನ ಫೋಟೋ ಐತೇನ್ರೀ?" ಅಂತ ಕೇಳಿದ. ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತಂತೆ. ಆಧಾರ್ ಕಾರ್ಡಿನ ಮೇಲಿನ ಚಿತ್ರ ಬಿಟ್ಟರೆ ಮನೆಯಲ್ಲಿ ಬೇರೆ ಫೋಟೋ ಇಲ್ಲ. ಆ ಫೋಟೋ ತೆಗೆದವರು ನಾವೇ, 2012ರಲ್ಲಿ. ಚೆನ್ನಾಗಿ ನೆನಪಿದೆ. ಆದರೆ ಅದಿದ್ದ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು 2021ರಲ್ಲೇ ಟಕ್ ಟಕ್ ಎಂದು ಸದ್ದು ಮಾಡಿ ಸುಮ್ಮನಾಗಿತ್ತು. ಒಳಗಿದ್ದದ್ದನ್ನು ತೆಗೆದುಕೊಡಲು ಅಂಗಡಿಯವರು ಹೇಳಿದ ದರ ಕೇಳಿ 'ಆಮೇಲೆ ನೋಡೋಣ' ಅಂದೆವು. ಆ ಆಮೇಲೆ ಬರಲೇ ಇಲ್ಲ. ಹುಡುಗನಿಗೆ "ಇಲ್ಲಪ್ಪಾ" ಅನ್ನಬೇಕಾಯಿತು.

ಆವತ್ತಿನಿಂದ ಈ ಬಗ್ಗೆ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆವು. ಗೋವಾದ ನಮ್ಮಂಥ ಕನ್ನಡ ಶಾಲೆಗಳಿಗೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದಿಂದ ದುಡಿಯಲು ಬಂದವರ ಮಕ್ಕಳು ಬರುತ್ತಾರೆ. ಕೆಲಸ ಎಲ್ಲಿಯೋ ಮನೆ ಅಲ್ಲಿ. ಕಾಗದಪತ್ರವೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಆ ಚೀಲ ತಗಡಿನ ಕೆಳಗೆ. ಹೀಗಾಗಿ ಎಷ್ಟೋ ಮಕ್ಕಳ ಬಾಲ್ಯದ ಒಂದೇ ಗುರುತು ಮಾಸ್ತರರ ಲ್ಯಾಪ್‌ಟಾಪಿನಲ್ಲಿ ಉಳಿದಿರುತ್ತದೆ. ಅದಕ್ಕೆ ಎರಡನೇ ಪ್ರತಿ ಇಡುವುದು ಮಾಸ್ತರರ ಹವ್ಯಾಸ ಅಲ್ಲ, ಶಾಲೆಯ ಕೆಲಸ. ಹಾಜರಿ ಪುಸ್ತಕ ಕೊಳ್ಳುವ ಹಾಗೆ ಶಾಲೆಯ ಖರ್ಚಿನಲ್ಲೇ ಕೊಳ್ಳಬೇಕು ಎಂಬುದು ನಮ್ಮ ವಾದ.

ಏನು ಕೊಳ್ಳಬೇಕು? ಇಲ್ಲೇ ಎಲ್ಲರೂ ಎಡವುವುದು. ಪೆನ್‌ಡ್ರೈವ್ ಸಾಕಲ್ಲ ಅನ್ನುತ್ತಾರೆ. ಪೆನ್‌ಡ್ರೈವ್ ಊರಿಂದೂರಿಗೆ ಒಯ್ಯಲು ಸರಿ, ಕಾಪಾಡಿ ಇಡಲು ಅಲ್ಲ. ಕಳೆದುಹೋಗುವುದೂ ಅದೇ ಮೊದಲು. ಸಂತೆಯಲ್ಲಿ ಅಗ್ಗಕ್ಕೆ ಸಿಗುವವುಗಳಲ್ಲಿ ನಕಲಿಯೂ ಇರುತ್ತವೆ: ಮೇಲೆ ದೊಡ್ಡ ಅಂಕಿ, ಒಳಗೆ ಜಾಗ ಅದರ ಕಾಲುಭಾಗವೂ ಇಲ್ಲ. ಫೈಲಿನ ಹೆಸರು ಕಾಣಿಸುತ್ತದೆ, ತೆರೆದರೆ ಏನೂ ಇಲ್ಲ. ಸಿಡಿಗಳ ಕಥೆ ಮುಗಿದೇ ಹೋಯಿತು. ಒಂದು ಸಿಡಿಯಲ್ಲಿ ಹಿಡಿಯುವುದು 700 ಎಂಬಿ, ನಮ್ಮ ಹಳೆಯ ಸಿಡಿಗಳಿಗೆ ಈ ಕರಾವಳಿಯ ತೇವದಲ್ಲಿ ಬೂಷ್ಟು ಹಿಡಿದಿದೆ, ಹೊಸ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕಲು ಬಾಯಿಯೇ ಇಲ್ಲ.

ಉಳಿದದ್ದು ಎರಡು, ಹಾರ್ಡ್ ಡಿಸ್ಕು ಮತ್ತು ಎಸ್‌ಎಸ್‌ಡಿ. ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗುತ್ತದೆ, ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದುವ ತಲೆ ಓಡಾಡುತ್ತದೆ. ತಿರುಗುವಾಗ ಮೇಜಿನಿಂದ ಬಿದ್ದರೆ ಮುಗಿಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ವೇಗ ಹೆಚ್ಚು, ಬಿದ್ದರೂ ತಾಳುತ್ತದೆ, ಆದರೆ ಅಷ್ಟೇ ಜಾಗಕ್ಕೆ ಬೆಲೆ ಜಾಸ್ತಿ. ಇನ್ನೊಂದು ಮಾತು ಅಂಗಡಿಯವರು ಹೇಳುವುದಿಲ್ಲ. ಎಸ್‌ಎಸ್‌ಡಿ ಮಾಹಿತಿಯನ್ನು ವಿದ್ಯುತ್ತಿನ ಅಂಶವಾಗಿ ಹಿಡಿದಿಡುತ್ತದೆ, ವರ್ಷಗಟ್ಟಲೆ ಕರೆಂಟು ಕಾಣದೆ ಕಪಾಟಿನಲ್ಲಿ ಬಿದ್ದರೆ, ಅದರಲ್ಲೂ ಸೆಕೆಯಲ್ಲಿ, ಅದು ನಿಧಾನವಾಗಿ ಸೋರಬಹುದು. ಆದ್ದರಿಂದ ಒಂದು ದುಬಾರಿ ಎಸ್‌ಎಸ್‌ಡಿಗಿಂತ 1 ಟಿಬಿಯ ಎರಡು ಸಾದಾ ಹಾರ್ಡ್ ಡಿಸ್ಕು ಮೇಲು ಎಂದು ನಮ್ಮ ತೀರ್ಮಾನ. (1 ಟಿಬಿ ತಂದು ಚುಚ್ಚಿದರೆ ವಿಂಡೋಸ್ 931 ಜಿಬಿ ಅಂತ ತೋರಿಸುತ್ತದೆ. ನಾವು ಮೋಸ ಹೋದೆವು ಅಂತ ಅಂಗಡಿಗೆ ವಾಪಸು ಓಡಿದ್ದೆವು! ಮೋಸವಲ್ಲ. ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರ ಲೆಕ್ಕ.)

ಎರಡು ಯಾಕೆ? ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಅವರಿಂದ ಜನಪ್ರಿಯವಾದ 3-2-1 ಎಂಬ ಲೆಕ್ಕವಿದೆ. ಒಟ್ಟು 3 ಪ್ರತಿ, 2 ಬಗೆಯ ಸಾಧನ, ಅದರಲ್ಲಿ 1 ಪ್ರತಿ ಬೇರೆ ಜಾಗದಲ್ಲಿ. ಈ ಕೊನೆಯ ಒಂದೇ ಮುಖ್ಯ. 2009ರ ಅಕ್ಟೋಬರ್ 2ರಂದು ಕಾಣಕೋಣದಲ್ಲಿ ಏಕಾಏಕಿ ನೀರು ನುಗ್ಗಿದ್ದು ಹಿರಿಯರಿಗೆ ನೆನಪಿರಬಹುದು. ಅದೇ ವಾರ ಉತ್ತರ ಕರ್ನಾಟಕದಲ್ಲೂ ನೆರೆ. ನಮ್ಮ ಪಾಲಕರ ಊರುಗಳೂ ನೀರಿನಲ್ಲಿ. ಒಂದೇ ಕಪಾಟಿನಲ್ಲಿ ಲ್ಯಾಪ್‌ಟಾಪನ್ನೂ ಅದರ ಪಕ್ಕದಲ್ಲೇ ಡಿಸ್ಕನ್ನೂ ಇಟ್ಟರೆ ಒಂದೇ ನೀರು ಎರಡನ್ನೂ ಒಯ್ಯುತ್ತದೆ. ನಾವು ಒಂದು ಡಿಸ್ಕನ್ನು ಶಾಲೆಯಲ್ಲಿ ಇಟ್ಟಿದ್ದೇವೆ, ಇನ್ನೊಂದು ಫೋಂಡಾದಲ್ಲಿರುವ ಸಹೋದ್ಯೋಗಿಯ ಮನೆಯಲ್ಲಿದೆ.

"ಎಲ್ಲಾ ಗೂಗಲ್ ಡ್ರೈವಿಗೆ ಹಾಕಿಬಿಡಿ ಸರ್, ಈಗ ಯಾರು ಡಿಸ್ಕು ಹೊರುತ್ತಾರೆ?" ಎಂದು ನಮ್ಮ ಕಿರಿಯ ಶಿಕ್ಷಕಿ ನಗುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ, ನಾವೂ ಹಾಕುತ್ತೇವೆ. ಆದರೆ ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ಇಮೇಲು, ಅದರಲ್ಲೇ ಫೋಟೋ. ಎರಡು ವರ್ಷ ಬಳಸದ ಖಾತೆಯನ್ನು ಅಳಿಸುವ ಅಧಿಕಾರವನ್ನೂ ಗೂಗಲ್ ಇಟ್ಟುಕೊಂಡಿದೆ. ಖಾತೆ ಒಬ್ಬ ಶಿಕ್ಷಕರ ಸ್ವಂತ ಹೆಸರಿನಲ್ಲಿದ್ದರೆ ಅವರಿಗೆ ವರ್ಗವಾದ ಮೇಲೆ ಪಾಸ್‌ವರ್ಡ್ ಯಾರ ಬಳಿ? 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಕರೆಂಟೂ ಇಲ್ಲದೆ ನೆಟ್ಟೂ ಇಲ್ಲದೆ ಕೂತದ್ದನ್ನೂ ಮರೆತಿಲ್ಲ.

ನಕಲು ಮುಗಿದ ಕೂಡಲೇ ಡಿಸ್ಕು ಕಿತ್ತಿಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪೀಡೆ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತ್ತು. ಇಂಥವು ಚುಚ್ಚಿಟ್ಟ ಡಿಸ್ಕನ್ನೂ ಬಿಡುವುದಿಲ್ಲ.

ಈಗ ಕನ್ನಡದವರಿಗೆ ಇರುವ ಒಂದು ತಲೆನೋವು. ನಮ್ಮ ಹಿರಿಯ ಶಿಕ್ಷಕರೊಬ್ಬರು ಮಕ್ಕಳಿಗಾಗಿ ಬರೆದ ನಾಟಕಗಳು ಒಂದು ಹಳೆಯ ಪೆನ್‌ಡ್ರೈವಿನಲ್ಲಿ ಸುರಕ್ಷಿತವಾಗಿ ಸಿಕ್ಕವು. ಖುಷಿಯಿಂದ ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬು! ಆಗಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು, ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಿಲ್ಲ. ಪ್ರತಿ ಇದ್ದೂ ಇಲ್ಲದ ಹಾಗೆ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದೆವು, ಒತ್ತಕ್ಷರ ಅಲ್ಲಲ್ಲಿ ಕೆಟ್ಟಿದ್ದವು, ಎರಡು ಭಾನುವಾರ ಕೂತು ತಿದ್ದಬೇಕಾಯಿತು. ನಿಮ್ಮ ಶಾಲೆಯ ಹಳೆಯ ಪ್ರಶ್ನೆಪತ್ರಿಕೆ, ಕೈಬರಹ ಪತ್ರಿಕೆಯ ಟೈಪು ಪ್ರತಿ ಇದ್ದರೆ ಡಿಸ್ಕಿಗೆ ಸುರಿಯುವ ಮುನ್ನ ಮೊದಲು ಈ ಕೆಲಸ ಮಾಡಿ. ಮೂಲ ಫೈಲನ್ನೂ ಬಿಸಾಡಬೇಡಿ, ಜತೆಗೆ ಒಂದು ಪಿಡಿಎಫ್ ಇರಲಿ.

ಮಕ್ಕಳ ಆಧಾರ್, ಜನನ ಪ್ರಮಾಣಪತ್ರದ ಸ್ಕ್ಯಾನುಗಳು ಡಿಸ್ಕಿನಲ್ಲಿದ್ದರೆ ಆ ಫೋಲ್ಡರಿಗೆ ಬೀಗ ಬೇಕೇ ಬೇಕು. ವೆರಾಕ್ರಿಪ್ಟ್ ಪುಕ್ಕಟೆ ಸಿಗುತ್ತದೆ. ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಮುಖ್ಯಶಿಕ್ಷಕರ ಕಪಾಟಿನಲ್ಲಿಡಿ. ಡಿಸ್ಕಿನ ಬೆನ್ನಿಗೆ ಚೀಟಿ ಅಂಟಿಸಬೇಡಿ, ನಾವು ಕಂಡಿದ್ದೇವೆ.

ಪ್ರತಿ ತಿಂಗಳ ಕೊನೆಯ ಶನಿವಾರ ನಮ್ಮಲ್ಲಿ ನಕಲಿನ ದಿನ. ನಕಲು ಮಾಡಿ, ಯಾವುದಾದರೂ ನಾಲ್ಕು ಫೈಲು ತೆರೆದು ನೋಡಿ, ದಿನಾಂಕ ಬರೆದು ಸಹಿ. ಕಳೆದ ಸಲ ಹೀಗೆ ತೆರೆದಾಗಲೇ ಒಂದು ವರ್ಷದ ಫೋಲ್ಡರು ಪೂರ್ತಿ ಖಾಲಿ ಇದ್ದದ್ದು ಗೊತ್ತಾಯಿತು, ಲ್ಯಾಪ್‌ಟಾಪಿನಲ್ಲಿ ಇನ್ನೂ ಇತ್ತು, ಬದುಕಿದೆವು.

ಆ ಹುಡುಗನ ನಂಬರು ನಮ್ಮ ಡೈರಿಯಲ್ಲಿದೆ. 2012ರ ಗ್ಯಾದರಿಂಗಿಗೆ ಮೊಬೈಲಿನಲ್ಲಿ ಫೋಟೋ ತೆಗೆದ ಪಾಲಕರು ಇನ್ನೂ ಕೆಲವರು ಇದ್ದಾರು. ಹಳೆಯ ಮೆಮೊರಿ ಕಾರ್ಡು ಮನೆಯಲ್ಲಿದ್ದರೆ ಹಾಗೇ ಶಾಲೆಗೆ ತನ್ನಿ, ನಾವು ನಕಲು ಮಾಡಿಕೊಂಡು ಅಲ್ಲೇ ವಾಪಸು ಕೊಡುತ್ತೇವೆ.