ತೆರೆ ಎಳೆಯುವ ಹುಡುಗಿ

ಕಳೆದ ವಾರ ಸಂಜೆ, ಕಕ್ಷಿದಾರರೆಲ್ಲ ಹೊರಟುಹೋದ ಮೇಲೆ, ನಮ್ಮ ತೊರಪಲ್ಲಿ ಅಗ್ರಹಾರದ ಪರಿಚಿತರೊಬ್ಬರು ನನ್ನ ಕಚೇರಿಗೆ ಬಂದರು. ಹೊಸೂರಿನಲ್ಲಿ ಹೂವಿನ ವ್ಯಾಪಾರ ಮಾಡುವವರು. ಕೈಯಲ್ಲಿ ಕಾಗದಪತ್ರಗಳೇನೂ ಇರಲಿಲ್ಲ. ಮುಖದಲ್ಲಿ ಮಾತ್ರ ದೊಡ್ಡದೊಂದು ದೂರು ಇತ್ತು.

“ಸಾರ್, ಸ್ಕೂಲ್ ಡೇ ನಾಟಕದಲ್ಲಿ ನಮ್ಮ ಮಗೂಗೆ ಪಾರ್ಟೇ ಕೊಟ್ಟಿಲ್ಲ. ತೆರೆ ಎಳೆಯೋಕೆ ಹಾಕವ್ರೆ. ಮನೇಲಿ ನೋಡಿದ್ರೆ ಎಲ್ಲಾರ ಪಾರ್ಟೂ ಅವಳಿಗೆ ಬಾಯಿಪಾಠ. ಇಷ್ಟಕ್ಕಾ ಸಾರ್ ಕನ್ನಡ ಸ್ಕೂಲಿಗೆ ಕಳಿಸೋದು?”

ಬರುವ ಜೂನ್‌ನಲ್ಲಿ ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಆಲೋಚನೆಯನ್ನೂ ಅವರು ಮುಚ್ಚಿಡಲಿಲ್ಲ. ಒಂದು ಮಗು ಬಿಟ್ಟುಹೋದರೂ ತರಗತಿಯೇ ಬಡವಾಗುವ ಸ್ಥಿತಿಯಲ್ಲಿ ನಮ್ಮ ಭಾಗದ ಕನ್ನಡ ಶಾಲೆಗಳಿವೆ. ಅಂದು ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ವಾರವಿಡೀ ಯೋಚಿಸಿ, ಅವರಿಗೂ ಅವರಂತೆ ಮನಸ್ಸಿಗೆ ನೋವು ಮಾಡಿಕೊಂಡಿರಬಹುದಾದ ಇತರ ಪೋಷಕರಿಗೂ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ವಾರ್ಷಿಕೋತ್ಸವದ ದಿನಗಳು ಹತ್ತಿರವಾಗುತ್ತಿರುವುದರಿಂದ ಮೇಷ್ಟ್ರುಗಳಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಒಂದು ಹಳೆಯ ಲೆಕ್ಕವನ್ನು ನೋಡೋಣ. ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವು ನಾಟ್ಯಗೃಹದ ನಿರ್ಮಾಣಕ್ಕೇ ಮೀಸಲಾಗಿದೆ. ಮನುಷ್ಯರಿಗೆ ತಕ್ಕದ್ದೆಂದು ಅಲ್ಲಿ ಹೇಳಿರುವ ಮಧ್ಯಮ ಅಳತೆಯ ನಾಟ್ಯಗೃಹದ ಉದ್ದ 64 ಹಸ್ತ, ಅಗಲ 32 ಹಸ್ತ. ಒಂದು ಹಸ್ತವನ್ನು ಒಂದೂವರೆ ಅಡಿಯೆಂದು ಹಿಡಿದರೆ, 96 ಅಡಿ ಉದ್ದ, 48 ಅಡಿ ಅಗಲ. ಇದಕ್ಕಿಂತ ದೊಡ್ಡದು ಬೇಡವೆನ್ನಲು ಗ್ರಂಥವು ಕೊಡುವ ಕಾರಣ ಇಂದಿಗೂ ಸಲ್ಲುತ್ತದೆ: ಮಾತು ಸ್ಪಷ್ಟವಾಗಿ ಕೇಳಿಸದು, ಮುಖದ ಭಾವ ಕಾಣಿಸದು. ಈ ಕಟ್ಟಡದ ಮುಂದಿನ ಅರ್ಧ ಪ್ರೇಕ್ಷಕರಿಗೆ. ಹಿಂದಿನ ಅರ್ಧವನ್ನು ಮತ್ತೆ ಎರಡು ಪಾಲು ಮಾಡಬೇಕು. ಒಂದು ಪಾಲು ಆಟ ನಡೆಯುವ ರಂಗಕ್ಕೆ, ಇನ್ನೊಂದು ನೇಪಥ್ಯಕ್ಕೆ. ಅಂದರೆ ನಟರು ಕಾಣಿಸಿಕೊಳ್ಳುವ ಜಾಗವೂ ಕಾಲುಭಾಗ, ಯಾರಿಗೂ ಕಾಣದ ಕೆಲಸ ನಡೆಯುವ ಜಾಗವೂ ಕಾಲುಭಾಗ. ಆಸ್ತಿ ವಿಭಾಗದ ಮೊಕದ್ದಮೆಗಳನ್ನು ನಡೆಸುವ ನನಗೆ ಇದು ಬಹಳ ನ್ಯಾಯವಾದ ಪಾಲುಪಟ್ಟಿಯಾಗಿ ಕಂಡಿದೆ.

ಈ ನೇಪಥ್ಯಕ್ಕೆ ಕನ್ನಡದಲ್ಲಿ ಹೆಸರುಗಳ ಬಡತನವಿಲ್ಲ. ಕರಾವಳಿಯ ಯಕ್ಷಗಾನದವರು ವೇಷ ಕಟ್ಟುವ ಸ್ಥಳವನ್ನು ಚೌಕಿ ಎನ್ನುತ್ತಾರೆ. ಬಣ್ಣದ ಮನೆ ಎಂಬ ಮಾತೂ ಬಳಕೆಯಲ್ಲಿದೆ. ಅಭ್ಯಾಸಕ್ಕೆ ತಾಲೀಮು, ಆಟದ ವೇದಿಕೆಗೆ ರಂಗ, ಅದರ ಮೇಲೆ ಕಟ್ಟಿ ನಿಲ್ಲಿಸುವ ಅರಮನೆ, ಗುಡಿಸಲು ಮೊದಲಾದವಕ್ಕೆ ರಂಗಸಜ್ಜಿಕೆ, ಪಾತ್ರಧಾರಿಗಳು ಕೈಯಲ್ಲಿ ಹಿಡಿಯುವ ಕತ್ತಿ, ಕೊಡ, ಓಲೆ ಮುಂತಾದವಕ್ಕೆ ರಂಗಪರಿಕರ. ಈ ಕೊನೆಯದನ್ನು ನಾಟಕದವರು ಪ್ರಾಪರ್ಟಿ ಎಂದೂ ಕರೆಯುವುದುಂಟು. ಕೋರ್ಟಿನಲ್ಲಿ ಆ ಪದ ಕೇಳಿದರೆ ನಮಗೆ ಬೇರೆಯೇ ನೆನಪಾಗುತ್ತದೆ. ಸೀನು, ಸೈಡ್‌ವಿಂಗ್, ಮೈಕು ಇವೆಲ್ಲ ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಬೆರೆತು ಕನ್ನಡವೇ ಆಗಿವೆ. ಅವನ್ನು ಓಡಿಸಬೇಕಾಗಿಲ್ಲ. ಯಾವ ಪದ ಬಳಸಿದರೂ ಅದರ ಅರ್ಥ ರಂಗದ ಮೇಲಿರುವ ಎಲ್ಲರಿಗೂ ಒಂದೇ ಆಗಿರಬೇಕು, ಅಷ್ಟೆ.

ಅರ್ಥ ಒಂದೇ ಆಗಿರದಿದ್ದರೆ ಏನಾಗುತ್ತದೆಂಬುದು ನನಗೆ ಏಳನೆಯ ತರಗತಿಯಲ್ಲೇ ತಿಳಿಯಿತು. ನಾನು ಓದುತ್ತಿದ್ದ ಶಾಲೆಯ ನಾಟಕದಲ್ಲಿ ರಾಜನಿಗೆ ಶತ್ರುವಿನ ಓಲೆಯನ್ನು ಒಯ್ದುಕೊಡುವ ದೂತನ ಕೆಲಸ ನನ್ನದು. ಮಾತೊಂದೂ ಇರಲಿಲ್ಲ. ಮೇಷ್ಟ್ರು ರಂಗದ ಕೆಳಗೆ ಕುಳಿತು “ಎಡಗಡೆ ನಿಂತಿರು” ಎಂದಿದ್ದರು. ನಾನು ಅವರ ಎಡಗಡೆಗೆ ಹೋಗಿ ನಿಂತೆ. ರಾಜನ ಪಾತ್ರದ ಹುಡುಗ ತನ್ನ ಎಡಗಡೆಗೆ ತಿರುಗಿ, ಖಾಲಿ ಸೈಡ್‌ವಿಂಗಿನತ್ತ ಕೈ ಚಾಚಿ, “ತಾ ಇತ್ತ ಆ ಓಲೆಯನ್ನು” ಎಂದು ಗರ್ಜಿಸಿದ. ಓಲೆಯೂ ನಾನೂ ಅವನ ಬೆನ್ನ ಹಿಂದೆ ಇದ್ದೆವು. ಸಭೆ ನಕ್ಕಿತು, ಬೈಗುಳ ನನ್ನ ಪಾಲಿಗೆ ಬಂತು. ಆ ಮೇಲೆ ಕಾಲೇಜು ಸೇರುವವರೆಗೂ ನಾನು ರಂಗದ ಮೆಟ್ಟಿಲು ಹತ್ತಲಿಲ್ಲ.

ರಂಗದಲ್ಲಿ ಎಡ, ಬಲ ಎಂದರೆ ಪ್ರೇಕ್ಷಕರಿಗೆ ಮುಖಮಾಡಿ ನಿಂತ ನಟನ ಎಡ, ಬಲ. ಈ ನಿಯಮ ಪ್ರಪಂಚದ ಬಹುಪಾಲು ರಂಗಭೂಮಿಗಳಲ್ಲಿ ಬಳಕೆಯಲ್ಲಿದೆ. ಪ್ರೇಕ್ಷಕರಿಗೆ ಹತ್ತಿರದ್ದು ಮುಂರಂಗ, ದೂರದ್ದು ಹಿಂರಂಗ, ಎರಡರ ನಡುವಿನದು ನಡುರಂಗ. ಯುರೋಪಿನ ಹಳೆಯ ರಂಗಮಂದಿರಗಳಲ್ಲಿ ವೇದಿಕೆಯ ಹಿಂಭಾಗವನ್ನು ಎತ್ತರಿಸಿ ಇಳಿಜಾರಾಗಿ ಕಟ್ಟುತ್ತಿದ್ದರು. ಆದ್ದರಿಂದಲೇ ಇಂಗ್ಲಿಷಿನಲ್ಲಿ ಹಿಂಭಾಗಕ್ಕೆ ಮೇಲಿನ ರಂಗವೆಂದೂ ಮುಂಭಾಗಕ್ಕೆ ಕೆಳಗಿನ ರಂಗವೆಂದೂ ಹೆಸರು ಬಂತು. ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಪಾಲು ಮಾಡಿದರೆ ಒಂಬತ್ತು ಚೌಕಗಳಾಗುತ್ತವೆ. ಶಾಲೆಯ ವೇದಿಕೆಯ ಮೇಲೆ ಸೀಮೆಸುಣ್ಣದಿಂದ ಈ ಒಂಬತ್ತು ಚೌಕ ಬರೆದು, ಮೊದಲ ತಾಲೀಮಿನ ದಿನ ಮಕ್ಕಳನ್ನು “ಮುಂರಂಗದ ಬಲಕ್ಕೆ”, “ಹಿಂರಂಗದ ನಡುವಿಗೆ” ಎಂದು ಓಡಾಡಿಸಿದರೆ ಅರ್ಧ ಗಂಟೆಯಲ್ಲಿ ಕಲಿತುಬಿಡುತ್ತಾರೆ. ನನ್ನಂತಹ ದೂತರಿಗೂ ದಾರಿ ತಪ್ಪುವುದಿಲ್ಲ.

ಇನ್ನು ತೆರೆಯ ವಿಚಾರ. ನಮ್ಮ ಗಡಿನಾಡಿನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪದ ಬೇರೊಂದಿಲ್ಲ. ಕನ್ನಡದಲ್ಲಿ ತೆರೆ, ತೆಲುಗಿನಲ್ಲಿ ತೆರ, ತಮಿಳಿನಲ್ಲಿ ತಿರೈ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಶಾಲೆಯಲ್ಲಿ ಒಂದು ಭಾಷೆಯಾಡುವ ಮಗು ಈ ಪದವನ್ನು ಮೂರು ಸಲ ಕಲಿಯಬೇಕಾಗಿಲ್ಲ. ವಸ್ತುವೂ ಒಂದೇ. ಯಕ್ಷಗಾನದಲ್ಲಿ ಇಬ್ಬರು ತೆರೆ ಹಿಡಿದು ನಿಂತು, ವೇಷಧಾರಿಯನ್ನು ಸ್ವಲ್ಪಸ್ವಲ್ಪವಾಗಿ ತೋರಿಸುತ್ತಾ ಒಡ್ಡೋಲಗ ಮಾಡಿಸುವ ಕ್ರಮವಿದೆ. ತಮಿಳಿನ ತೆರುಕ್ಕೂತ್ತಿನಲ್ಲಿಯೂ ಪಾತ್ರ ಮೊದಲು ಬರುವುದು ಇಬ್ಬರು ಹಿಡಿದ ತಿರೈಯ ಹಿಂದೆಯೇ. ತೆರೆ ಹಿಡಿದವರ ಕೈ ಒಂದು ತಾಳ ಮೊದಲೇ ಇಳಿದರೆ ಕಿರೀಟದ ಘನತೆಯೂ ಇಳಿಯುತ್ತದೆ.

ಕಂಪನಿ ನಾಟಕಗಳ ಕಾಲದಲ್ಲಿ ತೆರೆಗಳ ಸಂಖ್ಯೆ ಹೆಚ್ಚಿತು. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ಪ್ರಸಿದ್ಧಿಯ ಶಿಖರ ಮುಟ್ಟಿದ ಕಂಪನಿಯು ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಇಂತಹ ವೈಭವವನ್ನು ಸಾಧ್ಯಮಾಡಿದ್ದು ಒಂದು ಸರಳ ಉಪಾಯ. ಒಂದು ಅಂಕ ಮುಗಿದಾಗ ಬೀಳುವುದು ಅಂಕದ ಪರದೆ. ಅದಲ್ಲದೆ ಬೀದಿ, ಕಾಡು, ದರ್ಬಾರು ಎಂದು ಚಿತ್ರ ಬರೆದ ಪರದೆಗಳು ಒಂದರ ಹಿಂದೆ ಒಂದು ತೂಗಾಡುತ್ತಿದ್ದವು. ಮುಂದಿನ ಬೀದಿ ಪರದೆಯನ್ನು ಇಳಿಸಿ, ಅದರ ಎದುರು ಹಾಸ್ಯಗಾರರಿಂದ ಒಂದು ಪ್ರಸಂಗ ಆಡಿಸುತ್ತಿದ್ದರು. ಜನ ನಗುತ್ತಿರುವ ಹೊತ್ತಿನಲ್ಲಿ ಅದರ ಹಿಂದೆ ಸದ್ದಿಲ್ಲದೆ ಸಿಂಹಾಸನ, ಕಂಬಗಳು ಜೋಡಣೆಯಾಗುತ್ತಿದ್ದವು. ಪರದೆ ಮೇಲೇರಿದರೆ ದರ್ಬಾರು ಸಿದ್ಧ. ನಮ್ಮ ಶಾಲೆಗಳ ನಾಟಕಗಳಲ್ಲಿ ದೃಶ್ಯ ಬದಲಾಗುವಾಗ ಐದು ನಿಮಿಷ ಕತ್ತಲು, ಬೆಂಚು ಎಳೆಯುವ ಸದ್ದು, ಸಭೆಯಲ್ಲಿ ಗದ್ದಲ. ಒಂದೇ ಒಂದು ಹೆಚ್ಚುವರಿ ಪರದೆ ಈ ಕಷ್ಟವನ್ನು ನಿವಾರಿಸಬಲ್ಲದು. ಹಳೆಯ ಸೀರೆಗಳನ್ನು ಹೊಲಿದರೂ ಆದೀತು.

ಆ ಕಂಪನಿಯಲ್ಲಿ ಬಾಲ್ಯದಲ್ಲೇ ಸೇರಿದವರಲ್ಲಿ ಇಬ್ಬರನ್ನು ಇಲ್ಲಿ ನೆನೆಯಬೇಕು. ಒಬ್ಬರು ರಾಜ್‌ಕುಮಾರ್, ಇದೇ ತಮಿಳುನಾಡಿನ ತಾಳವಾಡಿ ಸೀಮೆಯ ಗಾಜನೂರಿನವರು, ನಮ್ಮಂತೆಯೇ ಗಡಿನಾಡ ಕನ್ನಡಿಗರು. ಇನ್ನೊಬ್ಬರು ಬಿ.ವಿ. ಕಾರಂತರು, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದವರು. ರಂಗದ ಹಿಂದು ಮುಂದು ಎರಡನ್ನೂ ಅರಿತವರು ಎಷ್ಟು ದೂರ ಹೋಗಬಲ್ಲರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬೆಳಕು, ಬಣ್ಣಗಳ ವಿಷಯದಲ್ಲಿ ಮಾತ್ರ ಪೋಷಕರು ಸ್ವಲ್ಪ ಕಟ್ಟುನಿಟ್ಟಾಗಿರಬೇಕೆಂದು ವಿನಂತಿಸುತ್ತೇನೆ. ನೆತ್ತಿಯ ಮೇಲಿನಿಂದ ಬೀಳುವ ದೀಪ ಕಣ್ಣುಗಳನ್ನು ಗುಳಿಯಾಗಿಸುತ್ತದೆ. ಕಾಲಬುಡದಿಂದ ಬರುವುದು ಸೌಮ್ಯ ಮುಖವನ್ನೂ ರಾಕ್ಷಸನದಾಗಿಸುತ್ತದೆ. ಎದುರಿನ ಎರಡೂ ಪಕ್ಕಗಳಿಂದ, ಸುಮಾರು 45 ಡಿಗ್ರಿ ಎತ್ತರದಿಂದ ಬೆಳಕು ಬಿದ್ದರೆ ಮುಖ ಸಹಜವಾಗಿ ಕಾಣುತ್ತದೆ. ಅಮೆರಿಕದ ಸ್ಟ್ಯಾನ್ಲಿ ಮೆಕ್ಯಾಂಡ್‌ಲೆಸ್ 1932ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಈ ಕ್ರಮವನ್ನು ನಾವು ಎರಡು ಎಲ್‌ಇಡಿ ದೀಪಗಳಿಂದಲೇ ಅನುಸರಿಸಬಹುದು. ಬಿಸಿಯಾಗುವ ದೀಪಗಳು ತೆರೆಗೆ ತಾಗದಂತೆ, ತಂತಿಗಳು ಮಕ್ಕಳ ಕಾಲಿಗೆ ಸಿಗದಂತೆ, ಹೊರಬಾಗಿಲಿಗೆ ಬೀಗ ಬೀಳದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಬೆಂಕಿಗೆ 94 ಮಕ್ಕಳು ಬಲಿಯಾದ ರಾಜ್ಯ ನಮ್ಮದು. ಓಲೆಗರಿಯ ಚಪ್ಪರದ ಕೆಳಗೆ ನಾಟಕವಾಡಿಸುವ ಮುನ್ನ ಅದನ್ನು ಸ್ಮರಿಸಬೇಕು. ಮುಖವರ್ಣಿಕೆಯ ಬಗ್ಗೆಯೂ ಒಂದು ಮಾತು. ಹಿಂದಿನವರು ಬಳಸುತ್ತಿದ್ದ ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ ಇರುತ್ತದೆ. ಎರಡೂ ವಿಷ. ಸಂಪ್ರದಾಯದ ಹೆಸರಿನಲ್ಲಿ ಅವನ್ನು ಮಕ್ಕಳ ಮುಖಕ್ಕೆ ಹಚ್ಚಕೂಡದು.

ಇಷ್ಟನ್ನೂ ಹೊತ್ತಿಗೆ ಸರಿಯಾಗಿ ನಡೆಸಲು ಒಬ್ಬ ರಂಗನಿರ್ವಾಹಕ ಬೇಕು. ಅವನ ಕೈಯಲ್ಲಿ ರಂಗಪ್ರತಿ ಇರುತ್ತದೆ: ನಾಟಕದ ಮಾತುಗಳೆಲ್ಲ ಒಂದು ಕಡೆ, ಎದುರು ಪುಟದಲ್ಲಿ ಯಾವ ಮಾತಿಗೆ ಯಾವ ದೀಪ, ಯಾವ ಸದ್ದು, ಯಾರ ಪ್ರವೇಶ, ಎಲ್ಲಿ ತೆರೆ ಎಂಬ ಸೂಚನೆಗಳು. ನೂರು ಪುಟದ ನೋಟುಪುಸ್ತಕ ಸಾಕು. ಮೂರನೆಯ ಗಂಟೆ ಹೊಡೆದ ಮೇಲೆ ಮೇಷ್ಟ್ರು ರಂಗದ ಹಿಂದೆ ಓಡಾಡಿ ಕೂಗಾಡುವಂತಿಲ್ಲ; ಆಮೇಲೆ ನಡೆಯುವುದು ರಂಗಪ್ರತಿಯ ಆಜ್ಞೆ.

ನನ್ನ ಪರಿಚಿತರ ಪ್ರಶ್ನೆಗೆ ಈಗ ಬರುತ್ತೇನೆ. ಸಂವಿಧಾನದ 350ಎ ವಿಧಿ, 1956ರ ಏಳನೆಯ ತಿದ್ದುಪಡಿಯ ಮೂಲಕ ಸೇರಿದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. 2006ರ ತಮಿಳು ಕಲಿಕೆಯ ಕಾಯಿದೆಯ ಮೇರೆಗೆ ನಮ್ಮ ಮಕ್ಕಳು ತಮಿಳನ್ನೂ ಕಲಿಯುತ್ತಿದ್ದಾರೆ. ಈ ನೆಲದಲ್ಲಿ ಬಾಳುವವರಿಗೆ ಅದು ಅಗತ್ಯವೂ ಹೌದು. ಆದರೆ ಶಾಲೆಯಲ್ಲಿ ಕಲಿತ ಕನ್ನಡವನ್ನು ಪರೀಕ್ಷೆಯಾಚೆಗೆ ಕೆಲಸಕ್ಕೆ ಹಚ್ಚುವ ಸ್ಥಳವನ್ನು ಯಾವ ಕಾಯಿದೆಯೂ ಕಟ್ಟಿಕೊಡಲಾರದು. ನಾಟಕದ ತಾಲೀಮು ಅಂತಹ ಸ್ಥಳ. ಅಲ್ಲಿ “ತೆರೆ ಇಳಿಸು” ಎಂಬ ಮಾತು ಬಾಯಿಂದ ಬಿದ್ದೊಡನೆ ತೆರೆ ಇಳಿಯುತ್ತದೆ. ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಹೆಗ್ಗೋಡಿನ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದು, ನಟನೆಯ ಜೊತೆಗೆ ಬೆಳಕು, ಸಜ್ಜಿಕೆ, ಪ್ರಸಾಧನಗಳ ಪಾಠವನ್ನೂ ಕನ್ನಡದಲ್ಲೇ ಹೇಳತೊಡಗಿತು. ಅಲ್ಲಿ ಕಲಿತವರು ರಂಗಭೂಮಿಯನ್ನೇ ವೃತ್ತಿಯಾಗಿ ಹಿಡಿದಿದ್ದಾರೆ.

ತೆರೆ ಎಳೆಯುವವರಿಗೆ ಕೊನೆಯ ಮಾತು ಯಾವುದೆಂದು ತಿಳಿದಿರಬೇಕು. ಅದು ಬರುವ ಮೊದಲಿನ ಮಾತೂ ತಿಳಿದಿರಬೇಕು. ನಟನೊಬ್ಬ ಒಂದು ಸಾಲು ಹಾರಿಸಿದರೆ ಅದನ್ನು ಗುರುತಿಸಿ ಕೈಯನ್ನು ತಡೆಯಬೇಕು. ರಾಜನ ಪಾತ್ರದವನು ತನ್ನ ಮಾತನ್ನಷ್ಟೇ ಕಲಿತರೂ ನಡೆಯುತ್ತದೆ. ಹಗ್ಗ ಹಿಡಿದವಳಿಗೆ ಇಡೀ ನಾಟಕವೇ ಬಾಯಿಪಾಠವಾಗಿರಬೇಕು. ತಂದೆ ದೂರಾಗಿ ಹೇಳಿದ್ದನ್ನು ಮೇಷ್ಟ್ರು ಅರ್ಹತೆಯಾಗಿ ಕಂಡಿರಲಾರರೇ?

ನಿನ್ನೆ ಅವರನ್ನು ಕಂಡು ಇಷ್ಟನ್ನೂ ಹೇಳಿದೆ. ಪೂರ್ತಿ ಒಪ್ಪಿದರೆಂದು ಹೇಳಲಾರೆ. “ಆದ್ರೂ ಜನಕ್ಕೆ ಅವಳ ಮುಖ ಕಾಣಲ್ಲವಲ್ಲ ಸಾರ್” ಎಂದರು. ಅದೂ ನಿಜವೇ. ಆದ್ದರಿಂದ ಮೇಷ್ಟ್ರುಗಳಲ್ಲಿ ನನ್ನದೊಂದು ಮನವಿ: ನಾಟಕ ಮುಗಿದು ಪಾತ್ರಧಾರಿಗಳನ್ನು ಸಾಲಾಗಿ ನಿಲ್ಲಿಸಿ ಪರಿಚಯಿಸುವಾಗ ದೀಪದ ಹುಡುಗನನ್ನೂ ಪರಿಕರದ ಹುಡುಗಿಯನ್ನೂ ತೆರೆ ಎಳೆದವಳನ್ನೂ ಹೆಸರು ಹಿಡಿದು ಮುಂರಂಗದ ನಡುವಿಗೆ ಕರೆಯಿರಿ. ಶನಿವಾರದ ತಾಲೀಮಿಗೆ ನಾವಿಬ್ಬರೂ ಹೋಗುವುದೆಂದು ಮಾತಾಗಿದೆ. ತೆರೆಗೆ ಹಗ್ಗ ಸವೆದಿದೆಯಂತೆ. ಹೊಸದನ್ನು ತಾವೇ ತರುವುದಾಗಿ ಅವರು ಹೇಳಿದ್ದಾರೆ.