ನಿಮ್ಮ ಸರ್ವರಿಗೆ ಅದರದ್ದೇ ರೆಸ್ಕ್ಯೂ ಡಿಸ್ಕ್ ಇದೆಯಾ?

"ಬ್ಯಾಕಪ್ ಇದೆಯಲ್ಲ, ಮತ್ಯಾಕೆ ರೆಸ್ಕ್ಯೂ ಡಿಸ್ಕು?" ಅನ್ನುವವರು ಒಂದು ಕಡೆ. "ಕ್ನಾಪಿಕ್ಸ್ ಸಿ.ಡಿ. ಒಂದಿದ್ರೆ ಸಾಕು ಮಾರಾಯ್ರೆ" ಅನ್ನುವವರು ಇನ್ನೊಂದು ಕಡೆ. ನಾನು ಎರಡೂ ಪಾರ್ಟಿಗೆ ಸೇರಿದವನಲ್ಲ. ಲಿನಕ್ಸ್ ಸರ್ವರ್ ನಡೆಸುವವರ ಹತ್ತಿರ ಆ ಸರ್ವರಿನಿಂದಲೇ ತಯಾರಾದ, ಬೂಟ್ ಆಗುವ ಡಿಸ್ಕ್ ಒಂದು ಇರಲೇಬೇಕು ಅನ್ನೋದು ನನ್ನ ವಾದ.

ಕ್ನಾಪಿಕ್ಸ್ ಬಗ್ಗೆ ನನಗೇನೂ ತಕರಾರಿಲ್ಲ. ಜರ್ಮನಿಯ ಕ್ಲೌಸ್ ಕ್ನಾಪರ್ 2000ದಲ್ಲಿ ಅದನ್ನು ಹೊರತಂದು ಎಷ್ಟೋ ಜನರ ಗಣಕಗಳಿಗೆ ಜೀವ ಕೊಟ್ಟರು. ರೂಟ್ ಪಾಸ್‌ವರ್ಡ್ ಮರೆತುಹೋಯ್ತಾ, ಗ್ರಬ್ ಕೆಟ್ಟಿತಾ? ಇಂಥ ಲೈವ್ ಡಿಸ್ಕಿನಿಂದ ಬೂಟ್ ಮಾಡಿ, ಹಳೇ ಪಾರ್ಟಿಶನ್ ಮೌಂಟ್ ಮಾಡಿ, ಸಿಎಚ್‌ರೂಟ್ ಹೊಡೆದು ಸರಿಮಾಡಬಹುದು. ಆದರೆ ಡಿಸ್ಕೇ ಸತ್ತು ಎದುರಿಗೆ ಖಾಲಿ ಡಿಸ್ಕ್ ಇದ್ದಾಗ? ರೇಡ್ ಹೇಗಿತ್ತು, ಅದರ ಮೇಲೆ ಎಲ್‌ವಿಎಂ ಹೇಗೆ ಕೂತಿತ್ತು, ಯಾವ ಪಾರ್ಟಿಶನ್ ಎಷ್ಟು ದೊಡ್ಡದು, ಇದ್ಯಾವುದೂ ಕ್ನಾಪಿಕ್ಸ್‌ಗೆ ಗೊತ್ತಿಲ್ಲ. ಬರೀ ಫೈಲುಗಳ ಬ್ಯಾಕಪ್ಪಿಗೂ ಗೊತ್ತಿಲ್ಲ.

ನಮ್ಮ ಕನ್ನಡ ಕೂಟದ ಸರ್ವರನ್ನೇ ನೋಡಿ. ಊರಿನಿಂದ ಬಂದುಹೋದ ಹಿರಿಯರ ಮಾತು, ನಾಟಕಗಳು, ಕನ್ನಡ ಕಲಿಯುವ ಮಕ್ಕಳ ರೆಕಾರ್ಡಿಂಗು ಎಲ್ಲ ಅದರಲ್ಲಿವೆ. ಆ ಹಿರಿಯರಲ್ಲಿ ಕೆಲವರು ಈಗ ಇಲ್ಲ. ಸರ್ವರ್ ಕಟ್ಟಿದ ಪುಣ್ಯಾತ್ಮರು ಕೆಲಸ ಬದಲಿಸಿ ಬೇರೆ ಊರಿಗೆ ಹೋದರು. ಕಮಿಟಿ ಬದಲಾಗ್ತಾನೇ ಇರುತ್ತೆ, ಸರ್ವರ್ ಮಾತ್ರ ಅದೇ! ಅದರ ಒಳಗಿನ ಜೋಡಣೆ ಅವರ ತಲೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಬರೆದಿರಲಿಲ್ಲ.

ಇದಕ್ಕೆ ನಾನು ನೆಚ್ಚಿಕೊಂಡಿರೋದು ರಿಲ್ಯಾಕ್ಸ್ ಅಂಡ್ ರಿಕವರ್, ಚಿಕ್ಕದಾಗಿ 'ರಿಯರ್', ಎಂಬ ಮುಕ್ತ ತಂತ್ರಾಂಶ. ಬ್ಯಾಷ್ ಸ್ಕ್ರಿಪ್ಟುಗಳ ಒಂದು ಕಂತೆ, ಅಷ್ಟೇ. 'ಎಂಕೆರೆಸ್ಕ್ಯೂ' ಅಂದರೆ ನಿಮ್ಮ ಸರ್ವರಿನದೇ ಕರ್ನೆಲ್, ಡ್ರೈವರುಗಳು, ಡಿಸ್ಕಿನ ನಕ್ಷೆ ಎಲ್ಲ ಸೇರಿಸಿ ಒಂದು ಐಎಸ್ಒ ಮಾಡಿಕೊಡುತ್ತೆ. 'ಎಂಕೆಬ್ಯಾಕಪ್' ಅಂದರೆ ಜೊತೆಗೆ ಫೈಲುಗಳ ಬ್ಯಾಕಪ್ಪೂ ಆಗುತ್ತೆ. ಆಪತ್ತು ಬಂದ ದಿನ ಆ ಐಎಸ್ಒದಿಂದ ಬೂಟ್ ಮಾಡಿ 'ರಿಯರ್ ರಿಕವರ್' ಅಂದರೆ ಪಾರ್ಟಿಶನ್, ಎಲ್‌ವಿಎಂ ಎಲ್ಲ ಮತ್ತೆ ಕಟ್ಟಿ, ಬ್ಯಾಕಪ್ ತುಂಬಿ, ಬೂಟ್‌ಲೋಡರನ್ನೂ ಕೂರಿಸುತ್ತೆ.

ತಮಾಷೆ ಅಂದರೆ, ಬೇರೇನೂ ಹೇಳದಿದ್ದರೆ ಅದು ಐಎಸ್ಒವನ್ನು ಅದೇ ಸರ್ವರಿನ 'ವಾರ್' ಡೈರೆಕ್ಟರಿಯೊಳಗೆ ಬರೆದಿಡುತ್ತೆ. ಬೀಗದ ಕೈಯನ್ನು ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ! ಅದನ್ನು ಬೇರೆ ಕಡೆಗೆ ಕಾಪಿ ಮಾಡಲೇಬೇಕು. ಸಿ.ಡಿ. ಡ್ರೈವ್ ಈಗ ಯಾರ ಮನೇಲಿದೆ, ಪೆನ್ ಡ್ರೈವೇ ಸರಿ.

"ಕ್ಲೌಡಿನಲ್ಲಿ ಸ್ನ್ಯಾಪ್‌ಶಾಟ್ ಬಟನ್ ಒತ್ತಿದರಾಯ್ತಪ್ಪ" ಅನ್ನುತ್ತೀರಾ? ಒತ್ತಿ, ಒಳ್ಳೇದೇ. ಆದರೆ ಸ್ನ್ಯಾಪ್‌ಶಾಟ್ ಸಾಮಾನ್ಯವಾಗಿ ಅದೇ ಖಾತೆಯಲ್ಲೇ ಇರುತ್ತೆ. ಖಾತೆ ಯಾವುದೋ ಹಳೇ ಖಜಾಂಚಿಯ ಕ್ರೆಡಿಟ್ ಕಾರ್ಡಿಗೆ ಜೋತುಬಿದ್ದಿದ್ದರೆ, ಕಾರ್ಡಿನ ಅವಧಿ ಮುಗಿದ ದಿನ ಸರ್ವರಿಗೂ ಸ್ನ್ಯಾಪ್‌ಶಾಟಿಗೂ ಒಟ್ಟಿಗೇ ಗಂಡಾಂತರ.

ಇನ್ನು ಪರೀಕ್ಷೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನೋ ಹಾಗೆ, ಸರ್ವರ್ ಬಿದ್ದ ರಾತ್ರಿ ಮೊದಲ ಸಲ ಆ ಡಿಸ್ಕ್ ಹಾಕಿ ನೋಡುವವರೇ ಜಾಸ್ತಿ. ಮೊದಲೇ ಒಂದು ವರ್ಚುವಲ್ ಮಶೀನಿನಲ್ಲಿ ಬೂಟ್ ಮಾಡಿ, ರಿಕವರ್ ತನಕ ಹೋಗಿ ನೋಡಿ. (ನಡೆಯುತ್ತಿರೋ ಸರ್ವರಿನಲ್ಲಿ ಮಾತ್ರ ಖಂಡಿತ ಬೇಡ. ರಿಕವರ್ ಡಿಸ್ಕನ್ನು ಅಳಿಸಿಯೇ ಹೊಸದಾಗಿ ಕಟ್ಟೋದು.) ಡಿಸ್ಕಿನ ಜೋಡಣೆ ಬದಲಾದಾಗಲೆಲ್ಲ ಐಎಸ್ಒ ಹೊಸದಾಗಿ ಮಾಡಬೇಕು. ಜೋಡಣೆ ಬದಲಾಗಿದೆಯೇ ಅಂತ ನೋಡೋಕೆ 'ಚೆಕ್‌ಲೇಔಟ್' ಇದೆ, ಕ್ರಾನಿಗೆ ಹಾಕಿಬಿಟ್ಟರೆ ನೆನಪಿಟ್ಟುಕೊಳ್ಳೋ ತಲೆನೋವೂ ಇಲ್ಲ.

ಆ ಪೆನ್ ಡ್ರೈವನ್ನು ಕಂಡಕಂಡಲ್ಲಿ ಬಿಡಬೇಡಿ, ಸರ್ವರಿನ ಒಳಗುಟ್ಟೆಲ್ಲ ಅದರಲ್ಲಿರುತ್ತೆ. ಕೂಟದಲ್ಲಿ ನಾವು ಎರಡು ಪ್ರತಿ ಮಾಡಿ ಇಬ್ಬರ ಮನೆಯಲ್ಲಿ ಇಟ್ಟಿದ್ದೇವೆ. ಎನ್‌ಕ್ರಿಪ್ಟ್ ಆದ ಡಿಸ್ಕಿನ ಪಾಸ್‌ಫ್ರೇಜು ಕಾಗದದ ಮೇಲೆ, ಮುಚ್ಚಿದ ಲಕೋಟೆಯಲ್ಲಿ, ಮೂರನೆಯವರ ಹತ್ತಿರ.