ಅಜ್ಜಿ ತೂಕಡಿಸದ ಐದು ಸಿನಿಮಾಗಳು

ಡಿಸೆಂಬರ್ ಬಂತೆಂದರೆ ಪಟ್ಟಿಗಳ ಸುಗ್ಗಿ. ಹೆಚ್ಚು ದುಡ್ಡು ಮಾಡಿದ ಸಿನಿಮಾ ಯಾವುದು, ಹೆಚ್ಚು ದಿನ ಓಡಿದ್ದು ಯಾವುದು, ಯಾವ ಹೀರೊ ಎಷ್ಟನೇ ಸ್ಥಾನ ಎಂದು ಎಲ್ಲ ಕಡೆ ಲೆಕ್ಕ. 2018ಕ್ಕೆ ನನ್ನದೂ ಒಂದು ಪಟ್ಟಿ ಇರಲಿ. ಆದರೆ ನನ್ನ ತಕ್ಕಡಿ ಬೇರೆ. ಅದಕ್ಕೆ ಮೂರೇ ನಿಯಮ. ಒಂದು, ಅಜ್ಜಿ ಮಧ್ಯದಲ್ಲಿ ತೂಕಡಿಸಬಾರದು. ಎರಡು, ಮಗುವಿನ ಕಣ್ಣನ್ನು ಕೈಯಿಂದ ಮುಚ್ಚುವ ಪ್ರಸಂಗ ಬರಬಾರದು. ಮೂರು, ಮನೆಗೆ ಬಂದು ಊಟಕ್ಕೆ ಕೂತಾಗ ಚಿಕ್ಕವರು ದೊಡ್ಡವರನ್ನೋ, ದೊಡ್ಡವರು ಚಿಕ್ಕವರನ್ನೋ ಏನಾದರೂ ಕೇಳಲೇಬೇಕು. ಮೂರನೆಯದೇ ಕಠಿಣ ಪರೀಕ್ಷೆ. ಅದರಲ್ಲಿ ಫೇಲಾದ ದೊಡ್ಡ ದೊಡ್ಡ ಚಿತ್ರಗಳಿವೆ.

ಕೆಳಗಿನಿಂದ ಮೇಲಕ್ಕೆ ಹೋಗೋಣ.

ಐದನೆಯದು, ಹಾಲಿವುಡ್‌ನ ಆನಿಮೇಷನ್ ಚಿತ್ರ ‘ಇನ್‌ಕ್ರೆಡಿಬಲ್ಸ್ 2’. ಮೊದಲ ಭಾಗ ಬಂದದ್ದು 2004ರಲ್ಲಿ. ಈ ಸಲ ಅಮ್ಮ ಊರು ಕಾಯುವ ಕೆಲಸಕ್ಕೆ ಹೊರಡುತ್ತಾಳೆ, ಮಹಾಶಕ್ತಿವಂತ ಅಪ್ಪ ಮನೆಯಲ್ಲಿ ಉಳಿಯುತ್ತಾನೆ. ರೈಲು ತಡೆಯಬಲ್ಲವನಿಗೆ ಮಗುವನ್ನು ಮಲಗಿಸಲು ಬರುವುದಿಲ್ಲ! ಮಗನ ಹೊಸ ವಿಧಾನದ ಗಣಿತ ತಲೆಗೆ ಹತ್ತುವುದಿಲ್ಲ. ಮೊಮ್ಮಕ್ಕಳ ಹೋಂವರ್ಕ್ ಮುಂದೆ ಕೂತು ಕನ್ನಡಕ ಒರೆಸಿಕೊಂಡ ಎಲ್ಲ ತಾತಂದಿರಿಗೂ ಈ ದೃಶ್ಯ ಅರ್ಪಣೆ.

ನಾಲ್ಕನೆಯದು, ನಮ್ಮದೇ ‘ಒಂದಲ್ಲಾ ಎರಡಲ್ಲಾ’. ‘ರಾಮಾ ರಾಮಾ ರೇ’ ಮಾಡಿದ ಡಿ. ಸತ್ಯಪ್ರಕಾಶ್ ಅವರ ಎರಡನೇ ಚಿತ್ರ. ಸಮೀರ ಎಂಬ ಪುಟ್ಟ ಹುಡುಗ, ಭಾನು ಎಂಬ ಹಸು. ಹಸು ಕಾಣೆಯಾಗುತ್ತದೆ, ಹುಡುಗ ಹುಡುಕಿಕೊಂಡು ಪೇಟೆಗೆ ಹೊರಡುತ್ತಾನೆ. ದಾರಿಯಲ್ಲಿ ಸಿಗುವ ದೊಡ್ಡವರಿಗೆಲ್ಲ ತಮ್ಮದೇ ಚಿಂತೆ, ತಮ್ಮದೇ ಲೆಕ್ಕಾಚಾರ. ಹುಡುಗನಿಗೆ ಮಾತ್ರ ಹಸು ಒಂದೇ. ಅವನ ಮುಗ್ಧತೆಯ ಎದುರು ಆ ಲೆಕ್ಕಾಚಾರಗಳು ಸಡಿಲವಾಗುವುದೇ ಚಿತ್ರದ ಸೊಗಸು. ‘ನಿಮ್ಮ ಮನೆಯಲ್ಲಿ ಹಸು ಇತ್ತಾ, ಅದರ ಹೆಸರೇನು?’ ಎಂದು ಮಕ್ಕಳು ಕೇಳದೆ ಇರುವುದಿಲ್ಲ. ಅಜ್ಜಿಯರೇ, ಉತ್ತರ ಸಿದ್ಧವಾಗಿಟ್ಟುಕೊಳ್ಳಿ.

ಮೂರನೆಯದು, ಮಲಯಾಳದ ‘ಸುಡಾನಿ ಫ್ರಮ್ ನೈಜೀರಿಯಾ’. ನಿರ್ದೇಶಕ ಜಕಾರಿಯಾ. ಕೇರಳದ ಮಲಪ್ಪುರಂ ಕಡೆ ತಂಡಕ್ಕೆ ಏಳೇ ಜನ ಆಡುವ ಫುಟ್‌ಬಾಲ್ ಪಂದ್ಯಗಳು ನಡೆಯುತ್ತವೆ. ಅದಕ್ಕಾಗಿ ಆಫ್ರಿಕಾದಿಂದ ಆಟಗಾರರು ಬರುತ್ತಾರೆ. ಯಾವ ದೇಶದವರಾದರೂ ಊರವರ ಬಾಯಲ್ಲಿ ಅವರೆಲ್ಲ ‘ಸುಡಾನಿ’ಗಳೇ. ನೈಜೀರಿಯಾದ ಸ್ಯಾಮ್ಯುಯೆಲ್ ಪೆಟ್ಟು ಮಾಡಿಕೊಂಡು ತಂಡದ ಮ್ಯಾನೇಜರ್ ಮಜೀದನ ಮನೆಯಲ್ಲಿ ಮಲಗುತ್ತಾನೆ. ಮಜೀದನ ತಾಯಿಯೂ ಪಕ್ಕದ ಮನೆಯ ಹಿರಿಯ ಹೆಂಗಸೂ ಅವನ ಆರೈಕೆಗೆ ನಿಲ್ಲುತ್ತಾರೆ. ಅವರಿಗೆ ಇಂಗ್ಲಿಷ್ ಬಾರದು, ಇವನಿಗೆ ಮಲಯಾಳ ಬಾರದು. ಆದರೂ ಬಡಿಸುವ ಕೈ ನಿಲ್ಲುವುದಿಲ್ಲ. ಭಾಷೆ ಬಾರದ ಊರಿನಲ್ಲಿ ಕೆಲಸಕ್ಕಿರುವ ಮಗನೋ ಮಗಳೋ ಇರುವ ಮನೆಯವರು ಇದನ್ನು ಒಣಗಿದ ಕಣ್ಣಿನಲ್ಲಿ ನೋಡುವುದು ಕಷ್ಟ.

ಎರಡನೆಯದು ನೀವೆಲ್ಲ ಕಾಯುತ್ತಿದ್ದದ್ದು: ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ರಿಷಬ್ ಶೆಟ್ಟರ ಚಿತ್ರ. ಹೆಸರಲ್ಲೇ ನಗು ಇದೆ. ಶಾಲೆಯ ಗೋಡೆಗೂ ಫ್ಯಾನಿಗೂ ‘ಕೊಡುಗೆ’ ಎಂದು ಬರೆಸುವ ನಮ್ಮ ಪದ್ಧತಿ ಯಾರಿಗೆ ಗೊತ್ತಿಲ್ಲ? ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬರುತ್ತಾರೆ, ಶಾಲೆ ಮುಚ್ಚುವ ಸ್ಥಿತಿಗೆ ಬರುತ್ತದೆ, ಮಕ್ಕಳು ಮೈಸೂರಿಗೆ ಹೋಗಿ ಅನಂತ್ ನಾಗ್ ಅವರನ್ನು ಕರೆತರುತ್ತಾರೆ. ಮುಂದಿನದು ಕೋರ್ಟು. ಚಿತ್ರಮಂದಿರದಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಇಲ್ಲಿ ಅಜ್ಜ-ಅಜ್ಜಿಯರಿಗೆ ಒಂದು ಕೆಲಸವಿದೆ. ‘ಕೇರಳದಲ್ಲಿ ಕನ್ನಡ ಶಾಲೆ ಯಾಕೆ?’ ಎಂದು ಮಗು ಕೇಳಿದರೆ ಹೇಳಬೇಕು. ಕಾಸರಗೋಡು ಮೊದಲು ಮದ್ರಾಸ್ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಕೇರಳಕ್ಕೆ ಸೇರಿತು. ಕನ್ನಡನಾಡಿಗೆ ಸೇರಬೇಕೆಂದು ಕವಿ ಕಯ್ಯಾರ ಕಿಞ್ಞಣ್ಣ ರೈ ಅಂಥವರು ಬಾಳಿಡೀ ಹೋರಾಡಿದರು. ಚಂದ್ರಗಿರಿ ನದಿಯ ಉತ್ತರ ಭಾಗ ನಮಗೆ ಬರಬೇಕೆಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ಅದು ಜಾರಿಯಾಗಲಿಲ್ಲ. ಗಡಿ ಅಲ್ಲೇ ಉಳಿಯಿತು, ಅಲ್ಲಿನ ಮನೆಗಳಲ್ಲಿ ಕನ್ನಡವೂ ಉಳಿಯಿತು.

ಪಟ್ಟಿ ನೋಡಿದ ನನ್ನ ಮೊಮ್ಮಗಳು ಸಿಟ್ಟಾದಳು. ‘ತಾತ, ಇದಕ್ಕೆ ಯಾಕೆ ಎರಡನೇ ಸ್ಥಾನ? ಕೊನೆಗೆ ಶಾಲೆ ಗೆಲ್ಲುತ್ತಲ್ಲ?’

ಗೆಲ್ಲುತ್ತದೆ ಮಗಳೇ, ಅದೇ ನನ್ನ ತಕರಾರು. ಮೈಸೂರಿನಿಂದ ಒಬ್ಬ ಹಿರಿಯರು ಬಂದರು, ಕೋರ್ಟಿನಲ್ಲಿ ಚೆನ್ನಾಗಿ ಮಾತಾಡಿದರು, ಗೆದ್ದಿತು. ಹೊರಗೆ ಅಷ್ಟು ಸುಲಭವಿಲ್ಲ. ಶಾಲೆ ಉಳಿಯಬೇಕಾದರೆ ಹಾಜರಿ ಪುಸ್ತಕದಲ್ಲಿ ಹೆಸರುಗಳಿರಬೇಕು. ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದವರ ಮನೆಗಳಿಂದ ಎಷ್ಟು ಹೆಸರು ಅಲ್ಲಿಗೆ ಹೋದವು? ಈ ಪ್ರಶ್ನೆಯನ್ನು ಚಿತ್ರ ಕೇಳುವುದಿಲ್ಲ. ನಾವೇ ಊಟದ ಹೊತ್ತಿಗೆ ಕೇಳಿಕೊಳ್ಳಬೇಕು.

ಮೊದಲನೆಯದು, ಅಸ್ಸಾಮಿ ಭಾಷೆಯ ‘ವಿಲೇಜ್ ರಾಕ್‌ಸ್ಟಾರ್ಸ್’. ಇದರಲ್ಲಿ ಕಾಪಾಡಲು ಯಾರೂ ಬರುವುದಿಲ್ಲ.

ಧುನು ಎಂಬ ಹತ್ತು ವರ್ಷದ ಹುಡುಗಿ. ಅಪ್ಪ ಇಲ್ಲ. ಅವಳಿಗೆ ಒಂದು ಗಿಟಾರ್ ಬೇಕು. ಥರ್ಮಾಕೋಲಿನಲ್ಲಿ ಗಿಟಾರ್ ಕತ್ತರಿಸಿಕೊಂಡು ಗೆಳೆಯರ ಜೊತೆ ವಾದ್ಯಗೋಷ್ಠಿಯ ಆಟ ಆಡುತ್ತಾಳೆ, ನಿಜವಾದ ಗಿಟಾರಿಗೆ ಪುಡಿಗಾಸು ಕೂಡಿಡುತ್ತಾಳೆ. ಅಷ್ಟರಲ್ಲಿ ನೆರೆ ಬರುತ್ತದೆ, ಬೆಳೆ ನೀರುಪಾಲಾಗುತ್ತದೆ. ಅಮ್ಮ ಅಳುತ್ತಾ ಕೂರುವವಳಲ್ಲ, ಮಗಳಿಗೆ ಈಜು ಕಲಿಸುತ್ತಾಳೆ. ಹುಡುಗರ ಜೊತೆ ಮರ ಹತ್ತುವ ಹುಡುಗಿಯ ಬಗ್ಗೆ ಊರ ಹೆಂಗಸರು ಗೊಣಗಿದಾಗ ಮಗಳ ಪರ ನಿಲ್ಲುತ್ತಾಳೆ. ಗಿಟಾರ್ ಸಿಕ್ಕಿತೇ? ಹೇಳುವುದಿಲ್ಲ, ನೋಡಿ.

ತೆಗೆದ ಕಥೆಯೂ ಹಾಗೆಯೇ. ರೀಮಾ ದಾಸ್ ಸಿನಿಮಾ ಶಾಲೆಗೆ ಹೋದವರಲ್ಲ. ಛಾಯ್‌ಗಾಂವ್ ಬಳಿಯ ತಮ್ಮ ಹಳ್ಳಿಯ ಮಕ್ಕಳನ್ನೇ ಇಟ್ಟುಕೊಂಡು, ಕಥೆ, ನಿರ್ದೇಶನ, ಕ್ಯಾಮೆರಾ, ಸಂಕಲನ ಎಲ್ಲವನ್ನೂ ತಾವೇ ಮಾಡಿದರು. ಅದು ರಾಷ್ಟ್ರೀಯ ಪ್ರಶಸ್ತಿಯಲ್ಲಿ ವರ್ಷದ ಅತ್ಯುತ್ತಮ ಚಿತ್ರವಾಯಿತು. ಅಸ್ಸಾಮಿ ಚಿತ್ರಕ್ಕೆ ಆ ಗೌರವ ಸಿಕ್ಕಿದ್ದು 29 ವರ್ಷಗಳ ಮೇಲೆ. ಭನಿತಾ ದಾಸ್ ಎಂಬ ಧುನು ಪಾತ್ರದ ಹುಡುಗಿಗೆ ಅತ್ಯುತ್ತಮ ಬಾಲನಟಿ ಪ್ರಶಸ್ತಿ. ಆಸ್ಕರ್‌ಗೆ ಭಾರತ ಕಳಿಸಿದ್ದೂ ಇದನ್ನೇ.

‘ಅಸ್ಸಾಮಿ ನಮಗೆ ಅರ್ಥವಾಗುತ್ತದೆಯೇ?’ ಎನ್ನಬೇಡಿ. ತೆರೆಯ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಮಗು ಓದಿ ಕನ್ನಡದಲ್ಲಿ ಹೇಳಲಿ. ನೆರೆ ಬಂದ ವರ್ಷ ಹೊಲದ ಗತಿ ಏನಾಗುತ್ತದೆಂದು ಅಜ್ಜಿ ಹೇಳಲಿ. ಒಬ್ಬರಿಗೆ ಬರುವುದು ಇನ್ನೊಬ್ಬರಿಗೆ ಬಾರದು, ಹಾಗಾಗಿ ಇಬ್ಬರೂ ಬೇಕು.

ಇನ್ನು ‘ಕೆಜಿಎಫ್ ಎಲ್ಲಿ?’ ಎಂಬ ಕೂಗು ಕೇಳಿಸುತ್ತಿದೆ. ಸದ್ದು ಜೋರಾಗಿದೆ, ಯಶ್ ಅಭಿಮಾನಿಗಳಿಗೆ ಹಬ್ಬ. ಆದರೆ ನನ್ನ ಎರಡನೇ ನಿಯಮ ದಾಟಲಿಲ್ಲ. ವೈದೇಹಿಯವರ ಕಥೆಗಳಿಂದ ಚಂಪಾ ಶೆಟ್ಟಿ ಮಾಡಿದ ‘ಅಮ್ಮಚ್ಚಿಯೆಂಬ ನೆನಪು’ ಪಟ್ಟಿಗೆ ಕೂದಲೆಳೆಯಲ್ಲಿ ತಪ್ಪಿತು. ಸ್ವಲ್ಪ ದೊಡ್ಡ ಮೊಮ್ಮಗಳಿದ್ದರೆ ಅಜ್ಜಿ ಕರೆದುಕೊಂಡು ಕೂರಲೇಬೇಕಾದ ಚಿತ್ರ ಅದು.

ಈ ರಜೆಯಲ್ಲಿ ಒಂದು ಆಟ ಆಡಿ. ಅಜ್ಜನೊಂದು ಪಟ್ಟಿ, ಮೊಮ್ಮಗುವೊಂದು ಪಟ್ಟಿ, ಪರಸ್ಪರ ತೋರಿಸದೆ ಬರೆಯಿರಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಎರಡರಲ್ಲೂ ಇರುವ ಚಿತ್ರ ಒಂದಾದರೂ ಸಿಕ್ಕರೆ ಅದೇ ನಿಮ್ಮ ಮನೆಯ ನಂಬರ್ ಒನ್. ಸಿಗದಿದ್ದರೆ, ಒಬ್ಬರು ಆರಿಸಿದ್ದನ್ನು ಇನ್ನೊಬ್ಬರು ಮುಂದಿನ ಭಾನುವಾರ ಜೊತೆಗೆ ಕೂತು ನೋಡತಕ್ಕದ್ದು.